ಬೆಳಗಿನ ಗುರುತು ಸಂಜೆಗೆ ಸಾಕ್ಷಿಯಲ್ಲ

ಮಕ್ಕಳೇ, ಈ ವಾರ ಚಕ್ರವೇ ಇಲ್ಲದ ಒಂದು ಗಾಡಿಯ ವಿಷಯ ಹೇಳುತ್ತೇನೆ. ಮುಂದೆ ಜಾರುವ ಎರಡು ಹಲಗೆ, ಹಿಂದೆ ಯುದ್ಧದ ಟ್ಯಾಂಕಿಗಿರುವಂತೆ ಸುತ್ತುತ್ತಲೇ ಇರುವ ಅಗಲವಾದ ರಬ್ಬರ್ ಪಟ್ಟಿ, ಮಧ್ಯೆ ಮೋಟಾರ್ ಸೈಕಲ್ಲಿನಂಥ ಸೀಟು ಮತ್ತು ಹ್ಯಾಂಡಲ್. ಹಿಮದ ಮೇಲೆ ಓಡುವ ಇದರ ಹೆಸರು ಸ್ನೋಮೊಬೈಲ್. ಓಡಿಸುವವರು ಸುಮ್ಮನೆ ‘ಸ್ಲೆಡ್’ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಮಗಳ ಮನೆಗೆ ನಾನೂ ನನ್ನಾಕೆಯೂ ಫೆಬ್ರವರಿಯಲ್ಲಿ ಹೋಗಬೇಕಾಯಿತು. ಮಗಳಿಗೆ ಮಂಡಿಯ ಆಪರೇಷನ್ ಆಗಿತ್ತು. ಅಂಥ ಹೊತ್ತಿನಲ್ಲಿ ಬೇಸಿಗೆ, ಚಳಿಗಾಲ ಎಂದು ನೋಡುವಂತಿಲ್ಲವಲ್ಲ. ಅವರ ಮನೆ ರಾಜ್ಯದ ಉತ್ತರ ಭಾಗದ ಒಂದು ಸಣ್ಣ ಊರಿನಲ್ಲಿ, ಕೆರೆಯ ದಂಡೆಯ ಮೇಲೆ. ಮಿನ್ನೆಸೋಟಕ್ಕೆ ‘ಹತ್ತು ಸಾವಿರ ಸರೋವರಗಳ ನಾಡು’ ಎಂದೇ ಹೆಸರು. ಲೆಕ್ಕ ಹಾಕಿದರೆ ಅದಕ್ಕಿಂತ ಹೆಚ್ಚೇ ಇವೆ. ಚಳಿಗಾಲದಲ್ಲಿ ಎಲ್ಲವೂ ಹೆಪ್ಪುಗಟ್ಟಿ ಮೈದಾನಗಳಾಗುತ್ತವೆ. ಅವುಗಳ ಮೇಲೆ ಜನ ನಡೆಯುತ್ತಾರೆ, ತೂತು ಕೊರೆದು ಮೀನು ಹಿಡಿಯುತ್ತಾರೆ, ಸ್ಲೆಡ್ ಓಡಿಸುತ್ತಾರೆ. ಅದೇ ರಾಜ್ಯದ ರೋಸೋ ಎಂಬ ಊರಿನಲ್ಲಿ 1956ರಲ್ಲಿ ಪೊಲಾರಿಸ್‌ನವರು ತಮ್ಮ ಮೊದಲ ಸ್ನೋಮೊಬೈಲ್ ಕಟ್ಟಿದ್ದು.

ಈ ಗಾಡಿಯ ಹಿಂದೆ ಒಬ್ಬ ತಂದೆಯ ದುಃಖವೂ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯರ್ ಎಂಬ ಹುಡುಗನಿದ್ದ. 1922ರಲ್ಲಿ, ಹದಿನೈದನೆಯ ವಯಸ್ಸಿಗೇ, ಹಳೆಯ ಫೋರ್ಡ್ ಕಾರಿನ ಎಂಜಿನ್ನಿಗೆ ವಿಮಾನದ್ದರಂಥ ಮರದ ಪಂಖ ಕಟ್ಟಿ ಹಿಮದ ಮೇಲೆ ಓಡುವ ಜಾರುಬಂಡಿ ಮಾಡಿದ. ಆ ಪಂಖ ಯಾರ ತಲೆಯನ್ನಾದರೂ ತೆಗೆದೀತು ಎಂದು ಅವನ ಅಪ್ಪ ಅದನ್ನು ಬಿಚ್ಚಿಸಿ ಹಾಕಿದರು. ಹುಡುಗ ಆಸೆ ಬಿಡಲಿಲ್ಲ. ದೊಡ್ಡವನಾಗಿ ಗ್ಯಾರೇಜ್ ತೆರೆದು ಪ್ರಯೋಗ ಮುಂದುವರಿಸಿದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗುವಿಗೆ ಅಪೆಂಡಿಕ್ಸ್ ಕಾಯಿಲೆಯಾಯಿತು. ದಾರಿಯೆಲ್ಲ ಹಿಮದಲ್ಲಿ ಮುಚ್ಚಿತ್ತು. ಅಪ್ಪನ ಯಂತ್ರ ಇನ್ನೂ ಸಿದ್ಧವಾಗಿರಲಿಲ್ಲ. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಮೂರು ವರ್ಷದ ನಂತರ, 1937ರಲ್ಲಿ, ಅವನ ಪಟ್ಟಿಗಾಲಿಯ ವ್ಯವಸ್ಥೆಗೆ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಹಿಮವಾಹನ ಬಂತು. ಒಬ್ಬಿಬ್ಬರು ಕೂರುವ ಪುಟ್ಟ ‘ಸ್ಕೀ-ಡೂ’ ಬಂದದ್ದು 1959ರಲ್ಲಿ. ಇಂದು ಮೋಜಿಗೆ ಓಡಿಸುವ ಈ ಗಾಡಿ ಹುಟ್ಟಿದ್ದು ಒಂದು ಜೀವ ಉಳಿಸಲಾಗದ ಸಂಕಟದಲ್ಲಿ. ಇದು ನೆನಪಿದ್ದರೆ ಇದನ್ನು ಹುಡುಗಾಟಿಕೆಯಿಂದ ಓಡಿಸಲು ಮನಸ್ಸಾಗುವುದಿಲ್ಲ.

ನನ್ನ ಮೊಮ್ಮಗನಿಗೆ ಆಗ ಹದಿನಾಲ್ಕು ವರ್ಷ. ಅಪ್ಪ ಮಗ ಸೇರಿ ಎರಡು ಹಳೆಯ ಸ್ಲೆಡ್ ಇಟ್ಟುಕೊಂಡಿದ್ದರು. ಆ ರಾಜ್ಯದಲ್ಲಿ 1976ರ ಡಿಸೆಂಬರ್ 31ರ ನಂತರ ಹುಟ್ಟಿದವರು ಯಾರೇ ಆಗಲಿ, ಸುರಕ್ಷತೆಯ ಪಾಠ ಓದಿ ಸರ್ಟಿಫಿಕೇಟ್ ಪಡೆಯದೆ ಸ್ಲೆಡ್ ಓಡಿಸುವಂತಿಲ್ಲ. ಹದಿನೆಂಟರ ಒಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ವೇಗದ ಮಿತಿ ಗಂಟೆಗೆ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್. ಮೊಮ್ಮಗ ಪರೀಕ್ಷೆ ಪಾಸಾಗಿದ್ದ. ಸರ್ಟಿಫಿಕೇಟ್ ತೋರಿಸಿ, “ಅಜ್ಜಾ, ನಿಮ್ಮನ್ನ ಒಂದು ರೌಂಡ್ ಕರಕೊಂಡು ಹೋಗ್ತೀವಿ” ಎಂದ.

ಮಾರ್ಚ್ ಮೊದಲ ವಾರದ ಒಂದು ಶನಿವಾರ ಹೊರಟೆವು. ಹೊರಡುವ ಮೊದಲು ಒಂದು ಗಂಟೆ ಸಿದ್ಧತೆಯೇ ಆಯಿತು. ಮೊಮ್ಮಗ ಪಟ್ಟಿ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತಿದ್ದ: ಪೆಟ್ರೋಲು, ಬ್ರೇಕು, ದೀಪ, ಬದಲಿ ಬೆಲ್ಟು, ಸ್ಪಾರ್ಕ್ ಪ್ಲಗ್ಗು, ಎಳೆಯುವ ಹಗ್ಗ, ಮಡಚುವ ಸಲಿಕೆ, ಟಾರ್ಚು, ಸೀಟಿ, ನೀರು ಹೋಗದ ಡಬ್ಬಿಯಲ್ಲಿ ಬೆಂಕಿಪೊಟ್ಟಣ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಣ ಬಟ್ಟೆಯ ಒಂದು ಗಂಟು, ಬಿಸಿ ಕಷಾಯದ ಫ್ಲಾಸ್ಕು, ಕಡಲೆಬೀಜ–ಬೆಲ್ಲ. ಮೊಬೈಲನ್ನು ಅಂಗಿಯ ಒಳಜೇಬಿಗೆ ಹಾಕಿಸಿದ. ಹೊರಗಿಟ್ಟರೆ ಚಳಿಗೆ ಬ್ಯಾಟರಿ ಬೇಗ ಇಳಿದುಹೋಗುತ್ತದಂತೆ.

ಆಮೇಲೆ ಒಂದು ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಯಾರು ಯಾರು ಹೋಗುತ್ತಿದ್ದೇವೆ, ಯಾವ ದಾರಿ, ಯಾವ ಬಣ್ಣದ ಗಾಡಿ, ಎಷ್ಟು ಹೊತ್ತಿಗೆ ವಾಪಸ್ಸು. ಕೆಳಗೆ, ‘ಐದು ಗಂಟೆಗೆ ಬರುತ್ತೇವೆ. ಆರಾದರೂ ಬರದಿದ್ದರೆ 911ಕ್ಕೆ ಫೋನ್ ಮಾಡಿ.’ ನನ್ನಾಕೆ ಅದನ್ನು ಓದಿಸಿಕೊಂಡು, “ಹೊರಡೋ ಹೊತ್ತಲ್ಲಿ ಇದೆಂಥ ಅಪಶಕುನದ ಮಾತು ಮಾರಾಯ” ಎಂದಳು. “ಅಜ್ಜಿ, ಇದು ಶಕುನ ಅಲ್ಲ, ಅಡ್ರೆಸ್ಸು” ಎಂದ ಅವನು.

ಬಟ್ಟೆಯ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದ್ದೋ ಸಿಂಥೆಟಿಕ್ಕಿನದ್ದೋ ಇರಬೇಕು, ಅದರ ಮೇಲೆ ಬೆಚ್ಚನೆಯ ಪದರ, ಎಲ್ಲಕ್ಕೂ ಮೇಲೆ ಗಾಳಿ ನೀರು ಹೋಗದ ಕೋಟು. ಹತ್ತಿ ಮಾತ್ರ ಬೇಡವೇ ಬೇಡ. ಎಪ್ಪತ್ತು ವರ್ಷ ಹತ್ತಿಯ ಬನಿಯನ್ ಹಾಕಿದವನಿಗೆ ಈ ಮಾತು ರುಚಿಸಲಿಲ್ಲ. ನಮ್ಮ ಸೆಕೆಗೆ ಹತ್ತಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೆವರು ಕುಡಿದು ಮೈ ತಂಪಾಗಿಡುತ್ತದೆ. ಅಲ್ಲಿ ಅದೇ ಗುಣವೇ ಶತ್ರು. ಕುಡಿದ ಬೆವರನ್ನು ಹತ್ತಿ ಬಿಡುವುದಿಲ್ಲ, ಆ ತೇವ ಮೈಯ ಬಿಸಿಯನ್ನು ಎಳೆಯುತ್ತಲೇ ಇರುತ್ತದೆ. ನಾನು ಯಾರಿಗೂ ಹೇಳದೆ ಒಳಗೆ ನನ್ನ ಬನಿಯನ್ನನ್ನೇ ಹಾಕಿಕೊಂಡೆ.

ಹೊರಟದ್ದು ಮಧ್ಯಾಹ್ನ ಒಂದಕ್ಕೆ. ಅಳಿಯಂದಿರ ಹಿಂದೆ ನಾನು, ಇನ್ನೊಂದರಲ್ಲಿ ಮೊಮ್ಮಗ. ಓಡಿಸುವವರ ಕೋಟಿಗೂ ಎಂಜಿನ್ನಿನ ಸ್ವಿಚ್ಚಿಗೂ ಒಂದು ಸುರುಳಿ ದಾರ ಕಟ್ಟಿರುತ್ತದೆ. ಬಿದ್ದರೆ ದಾರ ಕಿತ್ತುಬಂದು ಎಂಜಿನ್ ತಾನೇ ನಿಲ್ಲುತ್ತದೆ. ಗಾಡಿ ಒಂಟಿಯಾಗಿ ಓಡಿ ಇನ್ನೊಬ್ಬರ ಮೇಲೆ ಹೋಗುವುದಿಲ್ಲ. ದಾರಿಯಲ್ಲಿ ಎದುರಾದವರು ಕೈ ಎತ್ತಿ ಬೆರಳು ತೋರಿಸುತ್ತಿದ್ದರು. ನಾನು ನಮಸ್ಕಾರವೆಂದು ತಿಳಿದು ಕೈಮುಗಿದೆ. ಆಮೇಲೆ ಗೊತ್ತಾಯಿತು, ‘ನನ್ನ ಹಿಂದೆ ಇನ್ನೂ ಇಷ್ಟು ಗಾಡಿ ಬರುತ್ತಿವೆ’ ಎಂಬ ಸೂಚನೆ ಅದು. ಕೊನೆಯವನು ಮುಷ್ಟಿ ತೋರಿಸಿದರೆ ‘ನನ್ನ ಹಿಂದೆ ಯಾರೂ ಇಲ್ಲ’ ಎಂದರ್ಥ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ತಿರುವಿನಲ್ಲಿ ಎದುರಿಗೆ ಯಾರಿದ್ದಾರೆಂದು ಮೊದಲೇ ತಿಳಿದರೆ ಎಷ್ಟು ಉಪಕಾರ ನೋಡಿ.

ಚಳಿಯ ಲೆಕ್ಕವೂ ಬೇರೆ. ನಿಂತಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೆ, 50 ಕಿಲೋಮೀಟರ್ ವೇಗದ ಗಾಳಿಗೆ ಚರ್ಮಕ್ಕೆ 35 ಡಿಗ್ರಿ ಕೆಳಗಿದ್ದಂತೆ ತಾಗುತ್ತದೆ. ನಾವು ಹೋದ ದಿನ ಅಷ್ಟು ಚಳಿಯಿರಲಿಲ್ಲ. ಬಿಸಿಲಿತ್ತು, ಮರದ ಕೊಂಬೆಯಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ‘ಒಳ್ಳೆಯ ದಿನ’ ಎಂದುಕೊಂಡೆ.

ಮರಳುವ ದಾರಿಯಲ್ಲಿ ನಮ್ಮ ಗಾಡಿ ಮೆತ್ತನೆಯ ಹಿಮದಲ್ಲಿ ಹೂತಿತು. ಸುಮ್ಮನೆ ಕೂತಿರಿ ಎಂದರೂ ಕೇಳದೆ ನಾನೂ ಸಲಿಕೆ ಹಿಡಿದೆ. ಎಂಜಿನ್ ಶುರು ಮಾಡುವ ಮೊದಲು ಮೊಮ್ಮಗ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆದ. ಅದು ಮುಚ್ಚಿದ್ದರೆ ಬಣ್ಣ ವಾಸನೆ ಇಲ್ಲದ ವಿಷದ ಅನಿಲ ಅಲ್ಲೇ ತುಂಬಿಕೊಳ್ಳಬಹುದು. ಗಾಡಿ ಮೇಲೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ನನ್ನ ಬನಿಯನ್ ಬೆವರಿನಿಂದ ಒದ್ದೆ. ಮತ್ತೆ ಹಿಂದೆ ಕೂತು ಗಾಳಿಗೆ ಮೈಯೊಡ್ಡಿದ್ದೇ ತಡ, ಬೆನ್ನಿನಲ್ಲಿ ತಣ್ಣೀರು ಇಳಿದಂತಾಯಿತು. ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ. ಬೆರಳಿದ್ದದ್ದೇ ಗೊತ್ತಾಗದು.

ಹಾಗೆ ಒಂದು ಕೆರೆಯ ಅಂಚಿಗೆ ಬಂದೆವು. ಆಚೆ ದಡದಲ್ಲಿ ನಮ್ಮ ಮನೆಯ ಕಡೆಯ ಮರಗಳು ಕಾಣುತ್ತಿದ್ದವು. ಕೆರೆ ದಾಟಿದರೆ 2 ಮೈಲಿ, ಸುತ್ತುದಾರಿ ಹಿಡಿದರೆ 12 ಮೈಲಿ. ಕೆರೆಯ ಮೇಲೆ ಸ್ಲೆಡ್ ಹೋದ ಗುರುತುಗಳು ಸಾಲಾಗಿ ಕಾಣುತ್ತಿದ್ದವು. ಗಂಟೆ ನಾಲ್ಕೂವರೆ ದಾಟಿತ್ತು.

ಅಳಿಯಂದಿರು ಚೀಲದಿಂದ ಬ್ಯಾಟರಿ ಡ್ರಿಲ್ಲಿಗೆ ಹಾಕಿದ ಉದ್ದನೆಯ ಬೈರಿಗೆ ತೆಗೆದು ನಡೆದುಕೊಂಡು ಹೋದರು. ಮೊಮ್ಮಗ ದೂರ ಬಿಟ್ಟುಕೊಂಡು, ಹಗ್ಗ ಹಿಡಿದು ಹಿಂದೆ. ಸುಮಾರು 150 ಅಡಿಗೊಂದು ತೂತು ಕೊರೆದು ಟೇಪಿನಲ್ಲಿ ಅಳೆದರು. ಆ ರಾಜ್ಯದವರು ಹೇಳುವ ಲೆಕ್ಕ ಹೀಗಿದೆ: ಗಟ್ಟಿಯಾದ, ಗಾಜಿನಂತೆ ತಿಳಿಯಾದ ಮಂಜುಗಡ್ಡೆಯಾದರೆ ನಡೆಯುವವನಿಗೆ 4 ಅಂಗುಲ, ಸ್ನೋಮೊಬೈಲಿಗೆ 5ರಿಂದ 7 ಅಂಗುಲ ಬೇಕು. ಹಾಲಿನಂತೆ ಬೆಳ್ಳಗಿದ್ದರೆ ಅದಕ್ಕೆ ಅರ್ಧವೇ ಬಲ. ಆಗ ದಪ್ಪ ಎರಡರಷ್ಟಿರಬೇಕು. ಎಷ್ಟೇ ದಪ್ಪವಿದ್ದರೂ ನೂರಕ್ಕೆ ನೂರು ಭದ್ರ ಎಂದು ಅವರು ಹೇಳುವುದೇ ಇಲ್ಲ.

ದಡದ ಬಳಿ 12 ಅಂಗುಲ ಸಿಕ್ಕಿತು. ಮುಂದೆ 11. ಅದರ ಮುಂದೆ, ಹಳ್ಳವೊಂದು ಬಂದು ಸೇರುವ ಕಡೆ, 7. ಅದರಲ್ಲೂ ಮೇಲಿನ ಅರ್ಧಕ್ಕೂ ಹೆಚ್ಚು ಬಿಳಿಯ ಗಡ್ಡೆ. ಹರಿವ ನೀರು ಕೆಳಗಿನಿಂದ ಗಡ್ಡೆಯನ್ನು ಸವೆಸುತ್ತದೆ. ಅಲ್ಲಿಗೆ ನಿಂತು ವಾಪಸ್ಸು ಬಂದರು.

ನಾನು ನಡುಗುತ್ತಾ ಹೇಳಿದೆ, “ಏಳು ಇದೆಯಲ್ಲ, ಮತ್ತೇನು? ಆ ಗುರುತು ನೋಡಿ. ಅಷ್ಟು ಜನ ಹೋಗಿದ್ದಾರೆ. ನಾವೇನು ಅವರಿಗಿಂತ ಭಾರವೇ?”

ಅಳಿಯಂದಿರು ಮಾವನ ಮಾತಿಗೆ ಎದುರಾಡುವವರಲ್ಲ. “ಸ್ವಲ್ಪ ಬಲಕ್ಕೆ ಹೋಗಿ ನೋಡಬಹುದು ಮಾವ...” ಎಂದು ಅನುಮಾನದಿಂದ ನಿಂತರು. ಅವರಿಗೆ ಇಷ್ಟವಿಲ್ಲವೆಂದು ಮುಖವೇ ಹೇಳುತ್ತಿತ್ತು. ಬಾಯಿ ಹೇಳುತ್ತಿರಲಿಲ್ಲ.

ಆಗ ಮೊಮ್ಮಗ ಹೇಳಿದ, “ಅಜ್ಜಾ, ಅವರು ಬೆಳಿಗ್ಗೆ ಹೋಗಿದ್ದು. ಬಿಸಿಲು ಬಿದ್ದಿದ್ದು ಆಮೇಲೆ. ನಾನು ಬರಲ್ಲ. ನೀವೂ ಹೋಗಬೇಡಿ.”

ಮಕ್ಕಳೇ, ಆ ಮಾತು ಕೇಳಿ ನಾನು ಅರವತ್ತು ವರ್ಷ ಹಿಂದಕ್ಕೆ ಹೋದೆ. ನಮ್ಮದು ಮಲೆನಾಡಿನ ಹಳ್ಳಿ. ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಅಡ್ಡವಾಗಿ ಅಡಿಕೆ ಮರದ ಕಾಲುಸಂಕ ಇತ್ತು. ನನಗೆ ಹತ್ತು ವರ್ಷ, ದೊಡ್ಡಪ್ಪನ ಮಗ ಅಣ್ಣನಿಗೆ ಹನ್ನೆರಡು. ಆಷಾಢದ ಒಂದು ದಿನ ಬೆಳಿಗ್ಗೆ ಸಂಕ ದಾಟಿ ಶಾಲೆಗೆ ಹೋದೆವು. ಸಂಜೆ ಬರುವಾಗ ನೀರು ಸಂಕವನ್ನು ಮುಟ್ಟಿ ಹರಿಯುತ್ತಿತ್ತು. ನಾನು ಹೆದರಿ ನಿಂತೆ. “ಬೆಳಿಗ್ಗೆ ದಾಟಲಿಲ್ವೇನೋ?” ಎಂದು ನಗುತ್ತಾ ಅಣ್ಣ ಮುಂದೆ ಹೋದ. ಅವನನ್ನು ಮೂರನೆಯ ದಿನ ಕೆಳಗಿನ ಊರಿನಲ್ಲಿ ಕಂಡರು. ‘ಬೇಡ ಕಣೋ’ ಎಂದು ನಾನು ಗಟ್ಟಿಯಾಗಿ ಹೇಳಿರಲಿಲ್ಲ. ಅವನು ದೊಡ್ಡವನಲ್ಲವೇ, ಅವನಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ಆ ಕೆರೆಯ ದಡದಲ್ಲಿ ನಿಂತು ನಾನು ಮತ್ತೆ ಮಾತಾಡಲಿಲ್ಲ. “ಸುತ್ತಿಕೊಂಡೇ ಹೋಗೋಣ” ಎಂದೆ.

ಹುಡುಗ ನನ್ನ ತುಟಿಯ ಬಣ್ಣ ನೋಡಿ ಅನುಮಾನಪಟ್ಟು ಕೇಳಿದ, “ಒಳಗೆ ಏನು ಹಾಕಿದ್ದೀರಿ?” ನಿಜ ಹೇಳಬೇಕಾಯಿತು. ಮರದ ಮರೆಯಲ್ಲಿ ಒದ್ದೆ ಬನಿಯನ್ ಬಿಚ್ಚಿಸಿ ಗಂಟಿನಲ್ಲಿದ್ದ ಒಣ ಉಣ್ಣೆ ಅಂಗಿ ತೊಡಿಸಿದರು, ಕಷಾಯ ಕುಡಿಸಿದರು. ಬೆರಳನ್ನು ಉಜ್ಜಲು ಹೋದೆ, ಬಿಡಲಿಲ್ಲ. ಚಳಿಗೆ ಮರಗಟ್ಟಿದ ಬೆರಳನ್ನು ಉಜ್ಜಬಾರದು, ಹಿಮದಿಂದಂತೂ ತಿಕ್ಕಲೇಬಾರದು. ಕಂಕುಳಲ್ಲಿ ಇಟ್ಟುಕೊಂಡು ನಿಧಾನವಾಗಿ ಬೆಚ್ಚಗೆ ಮಾಡಬೇಕು. ಹತ್ತು ನಿಮಿಷಕ್ಕೆ ಜೀವ ಬಂದಂತಾಯಿತು. ಆಗ ಯೋಚಿಸಿದೆ: ಬನಿಯನ್ ಒದ್ದೆಯಾದದ್ದರಿಂದ ಚಳಿ, ಚಳಿಯಿಂದ ಅವಸರ, ಅವಸರದಿಂದ ಅಡ್ಡದಾರಿಯ ಆಸೆ. ಲೆಕ್ಕದ ಪುಸ್ತಕದಲ್ಲಿ ಬೆಳಿಗ್ಗೆ ಮಾಡಿದ ಒಂದು ಸಣ್ಣ ತಪ್ಪು ಸಂಜೆಯವರೆಗೂ ಕೆಳಗೆ ಕೆಳಗೆ ಇಳಿದು ಬರುವ ಹಾಗೆ.

ಸುತ್ತುದಾರಿಯಲ್ಲಿ ಮನೆ ಸೇರಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಮಗಳು ಫೋನ್ ಕೈಯಲ್ಲಿ ಹಿಡಿದು, ಊರುಗೋಲಿನ ಮೇಲೆ ಬಾಗಿಲಲ್ಲೇ ನಿಂತಿದ್ದಳು. ನನ್ನಾಕೆ ಆ ಚೀಟಿಯನ್ನು ಫ್ರಿಜ್ಜಿನಿಂದ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಮಧ್ಯಾಹ್ನ ಅಪಶಕುನ ಎಂದವಳಿಗೆ ಸಂಜೆ ಅದೇ ಧೈರ್ಯ ಕೊಟ್ಟಿತ್ತು.

ಕೆರೆ ದಾಟಿದ್ದರೆ ಏನಾಗುತ್ತಿತ್ತು? ಏನೂ ಆಗದೆಯೂ ಇರಬಹುದಿತ್ತು. ಅದು ನಮಗೆ ಎಂದಿಗೂ ತಿಳಿಯುವುದಿಲ್ಲ. ಎಚ್ಚರಿಕೆಯ ಕಷ್ಟವೇ ಇದು. ಉಳಿದದ್ದಕ್ಕೆ ರಸೀದಿ ಸಿಗುವುದಿಲ್ಲ.

ಆ ರಾತ್ರಿ ಮೊಮ್ಮಗ ತನ್ನ ಕೋಟಿನ ಮೇಲೆ ಕುತ್ತಿಗೆಗೆ ಹಾಕಿಕೊಳ್ಳುವ ಎರಡು ಮರದ ಹಿಡಿ ತೋರಿಸಿದ. ಒಂದೊಂದರ ತುದಿಯಲ್ಲಿ ಚೂಪು ಮೊಳೆ. ಗಡ್ಡೆ ಒಡೆದು ನೀರಿಗೆ ಬಿದ್ದರೆ ಇದೇ ಆಸರೆ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ತಣ್ಣೀರಿನ ಬಗ್ಗೆ ‘1–10–1’ ಎಂಬ ಸುಲಭ ಸೂತ್ರ ಹೇಳಿಕೊಟ್ಟಿದ್ದಾರೆ. ಬಿದ್ದ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ತಂದುಕೊಳ್ಳಲು, ಗಾಬರಿಯಾಗಬಾರದು. ನಂತರ ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ. ಎಚ್ಚರ ತಪ್ಪಲು ಸುಮಾರು 1 ಗಂಟೆ ಬೇಕು. ಜನ ತಿಳಿದಂತೆ ಎರಡು ನಿಮಿಷಕ್ಕೆ ಪ್ರಾಣ ಹೋಗುವುದಿಲ್ಲ. ಬಂದ ದಿಕ್ಕಿಗೇ ತಿರುಗಬೇಕು, ಏಕೆಂದರೆ ಅಲ್ಲಿಯವರೆಗಿನ ಗಡ್ಡೆ ನಿಮ್ಮನ್ನು ಹೊತ್ತಿತ್ತು. ಮೊಳೆಯನ್ನು ಗಡ್ಡೆಗೆ ಕಚ್ಚಿಸಿ, ಈಜುವಂತೆ ಕಾಲು ಬಡಿದು, ಹೊಟ್ಟೆಯ ಮೇಲೆ ಜಾರಿಕೊಂಡು ಮೇಲೆ ಬರಬೇಕು. ಬಂದ ಮೇಲೆ ಎದ್ದು ನಿಲ್ಲಬಾರದು; ಉರುಳಿಕೊಂಡೇ ದೂರ ಹೋಗಬೇಕು. ದಡದಲ್ಲಿರುವವರು ಓಡಿ ಹತ್ತಿರ ಹೋಗದೆ ಹಗ್ಗವನ್ನೋ ಕೋಲನ್ನೋ ಚಾಚಬೇಕು.

ನಮಗೇಕೆ ಇದೆಲ್ಲ ಎನ್ನಬೇಡಿ. ಬೇಸಿಗೆ ರಜೆಗೂ ಚಳಿಗಾಲಕ್ಕೂ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಕಾಶ್ಮೀರ, ಹಿಮಾಚಲಗಳಿಗೆ ಪ್ರವಾಸ ಹೋಗುತ್ತಾರೆ. ಗುಲ್ಮಾರ್ಗ್‌ನ ಹಿಮದಲ್ಲಿ ಇದೇ ಗಾಡಿಯ ಸವಾರಿ ಮಾಡಿಸುತ್ತಾರೆ. ಹತ್ತುವ ಮೊದಲು ಹೆಲ್ಮೆಟ್ ಕೇಳಿ. ಶಾಲು, ವೇಲು, ಸೀರೆಯ ಸೆರಗು ಯಾವುದೂ ಜೋತಾಡದಂತೆ ಕೋಟಿನೊಳಗೆ ಸೇರಿಸಿ. ಒಂದು ಗಾಡಿಗೆ ಎಷ್ಟು ಜನವೋ ಅಷ್ಟೇ ಜನ. ‘ಮಗು ಚಿಕ್ಕದು, ಮಧ್ಯೆ ಕೂರಿಸುತ್ತೇವೆ’ ಬೇಡ. ಫೋಟೋಗೆಂದು ಕೈ ಬಿಡಬೇಡಿ. ಗುಡ್ಡದ ಇಳಿಜಾರಿನ ಕೆಳಗೆ, ಹೊಸ ಹಿಮ ಬಿದ್ದ ದಿನ, ಹಿಮಕುಸಿತದ ಎಚ್ಚರಿಕೆಯಿದ್ದರೆ ಯಾರು ಕರೆದರೂ ಹೋಗಬೇಡಿ. ಕುಡಿದವರ ಹಿಂದೆ ಕೂರಲೇಬೇಡಿ. ಅದು ಹಿಮಕ್ಕೂ ಸರಿ, ನಮ್ಮೂರಿನ ಡಾಂಬರು ರಸ್ತೆಗೂ ಸರಿ.

ಮನೆಯ ಹಿರಿಯರಿಗೆ ಒಂದು ಮಾತು. ನಮ್ಮಲ್ಲಿ ಹಿರಿಯರಿಗೆ ಎದುರಾಡಬಾರದು ಎಂದು ಕಲಿಸುತ್ತೇವೆ. ಕಲಿಸೋಣ. ಆದರೆ ‘ಇದು ಅಪಾಯ, ನಾನು ಬರುವುದಿಲ್ಲ’ ಎಂದು ಮಗು ಹೇಳಿದರೆ ಅದು ಎದುರಾಟವಲ್ಲ. ಆ ದಿನ ನನ್ನ ಅಳಿಯಂದಿರು ಮರ್ಯಾದೆಗೆ ಸುಮ್ಮನಿದ್ದರು. ಮೊಮ್ಮಗ ಮರ್ಯಾದೆಯಿಂದಲೇ ಮಾತಾಡಿದ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಕೆರೆಗೋ, ಜಲಪಾತಕ್ಕೋ, ಗೆಳೆಯನ ಊರಿಗೋ ಹೊರಡುವಾಗ ಒಂದು ಚೀಟಿ ಬರೆಯಿರಿ. ಎಲ್ಲಿಗೆ, ಯಾರ ಜೊತೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು, ಬರದಿದ್ದರೆ ಯಾರಿಗೆ ಫೋನ್. ನಮ್ಮಲ್ಲಿ ತುರ್ತಿಗೆ 112. ಅಮ್ಮನ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ನಾನೂ ಈಗ ಸಂಜೆ ವಾಕಿಂಗ್ ಹೋಗುವಾಗ ಬರೆದಿಡುತ್ತೇನೆ. ನನ್ನಾಕೆ ಓದಿ, “ಐದು ನಿಮಿಷ ತಡವಾಯಿತು” ಎಂದು ಗಡಿಯಾರ ತೋರಿಸುತ್ತಾಳೆ.